ಲೋಬಾನ ಕೇಳಿದರೆ ಲುಬಾನ್ ಕೊಟ್ಟರು

ಒಮಾನಿನ ಸಲಾಲಾಕ್ಕೆ ಹೊಸದಾಗಿ ಬಂದ ಕನ್ನಡಿಗರು ಪೇಟೆಯಲ್ಲಿ ಲೋಬಾನ ಕೇಳಿ ಪೆಚ್ಚಾಗುವುದುಂಟು. ಕೈಗೆ ಸಿಗುವ ಲುಬಾನಿಗೆ ಬಾಣಂತಿ ಕೋಣೆಯ ವಾಸನೆಯೇ ಇರುವುದಿಲ್ಲ. ನಮ್ಮ ಸಾಂಬ್ರಾಣಿ ಸುಮಾತ್ರಾ ಕಡೆಯ ಮರದ ಅಂಟು. ಅರಬ್ಬರು ಅದನ್ನು ‘ಜಾವಾ ಲುಬಾನ್’ ಅಂದರು. ನಾವು ಜಾವಾ ಬಿಟ್ಟು ಲೋಬಾನ ಉಳಿಸಿಕೊಂಡೆವು. ಇಲ್ಲಿಯದು ಸಲಾಲಾ ಇರುವ ಈ ಧೋಫಾರ್ ಸೀಮೆಯ ಒಣ ಬೆಟ್ಟಗಳ ಬಾಸ್ವೆಲಿಯಾ ಮರದ್ದು.

ಚುಚ್ಚುವುದು ಅಂಗಡಿಯವನ ಮುಂದಿನ ಪ್ರಶ್ನೆ: ಹೊಜಾರಿಯೋ, ನಜ್ದಿಯೋ, ಶಾಬಿಯೋ? ಇವೆಲ್ಲ ಲುಬಾನಿನ ದರ್ಜೆಗಳು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಕೇಳುವುದು ಐವತ್ತು ಗ್ರಾಮಾ, ನೂರಾ ಎಂದಷ್ಟೇ.

ಇಲ್ಲಿ ತೊಗಟೆಯನ್ನು ತೆಳ್ಳಗೆ ಕೆರೆದು ಬಿಡುತ್ತಾರೆ. ಮೊದಲು ಒಸರಿದ್ದಕ್ಕೆ ಬೆಲೆಯಿಲ್ಲ. ಸುಮಾರು ಎರಡು ವಾರದ ಮೇಲೆ ಅದೇ ಗಾಯವನ್ನು ಮತ್ತೆ ಕೆರೆದರೆ ಒಳ್ಳೆಯ ಹರಳು. ನಮ್ಮ ಘಟ್ಟದಲ್ಲಿ ರಾಳಧೂಪದ ಮರಕ್ಕೆ ಆಳವಾಗಿ ಕಚ್ಚು ಹಾಕಿ, ಬುಡಕ್ಕೆ ಬೆಂಕಿ ಕೊಡುವವರಿದ್ದಾರೆ. ಅಂಟು ಧಾರಾಳ ಸುರಿಯುತ್ತದೆ, ಮರ ಸಾಯುತ್ತದೆ.

ಹೊಗೆ ಹಾಕುವುದರಲ್ಲೂ ನಮಗೆ ಆತುರ. ಕೆಂಡ ನಿಗಿನಿಗಿ ಅನ್ನುವಾಗಲೇ ಒಂದು ಹಿಡಿ ಪುಡಿ ಎರಚುತ್ತೇವೆ. ಅಂಟು ಕುದಿದು ಕರಕಾಗಿ ಕಪ್ಪು ಹೊಗೆ ಕಾರುತ್ತದೆ, ಕಣ್ಣುರಿ. ಇಲ್ಲಿ ಮಿಜ್ಮರ್ ಎಂಬ ಮಣ್ಣಿನ ಧೂಪದ ಕುಂಡದಲ್ಲಿ ಕೆಂಡದ ಮೇಲೆ ಬೂದಿ ಕಟ್ಟುವ ತನಕ ಕಾದು, ಬಟಾಣಿ ಗಾತ್ರದ ಮೂರು ನಾಲ್ಕು ಹರಳು ಇಡುತ್ತಾರೆ. ಕರಟದ ಕೆಂಡಕ್ಕೂ ಇದೇ ಲೆಕ್ಕ. ಬೂದಿ ಸಾಲದಿದ್ದರೆ ಮೇಲೊಂದು ಚಿಟಿಕೆ ಉದುರಿಸಿದರಾಯಿತು.

ಊರಿನ ಊದುಬತ್ತಿಯ ಮೇಲೆ ನನ್ನ ಸಿಟ್ಟು ಬೇರೆ. ಇದ್ದಿಲ ಪುಡಿ, ಮರದ ಪುಡಿ, ಜಿಗಟು ಕಲಸಿ ಕಡ್ಡಿಗೆ ಹೊಸೆದು, ಒಣಗಿಸಿ ಸೆಂಟಿನಲ್ಲಿ ಅದ್ದಿದರೆ ಮುಗಿಯಿತು. ಮರದ ಅಂಟು ಅದರಲ್ಲಿ ಎಲ್ಲಿದೆ? ಹಾಲುಮಡ್ಡಿ ಎಂಬ ಮರದ ಅಂಟು ಹಾಕಿದ ಮಸಾಲೆ ಬತ್ತಿ ಬೆರಳಿಗೆ ಮೆತ್ತಗೆ, ತುಸು ಜಿಗುಟಾಗಿ ತಾಗುತ್ತದೆ. ಗಾಳಿಯ ತೇವ ಹೀರುವ ಗುಣ ಅದಕ್ಕೆ. ಹೆಚ್ಚಾದರೆ ಬತ್ತಿ ಅರ್ಧಕ್ಕೇ ಆರುತ್ತದೆ, ನಿಜ. ಅದಕ್ಕೇ ಅದು ಕೈ ಪಳಗಿದವರ ಕೆಲಸ.

ಒಪ್ಪಲೇಬೇಕಾದದ್ದೂ ಇದೆ. ಸಲಾಲಾದಲ್ಲಿ ಮಾರುವ ಲುಬಾನೆಲ್ಲ ಧೋಫಾರಿನದಲ್ಲ, ಸೊಮಾಲಿಯಾದಿಂದಲೂ ಬರುತ್ತದೆ. ಬಾಡಿಗೆ ಫ್ಲ್ಯಾಟಿನಲ್ಲಿ ಮಿಜ್ಮರ್ ಹೊತ್ತಿಸಿದರೆ ಚಾವಣಿಯ ಅಲಾರಾಂ ಬೊಬ್ಬೆ ಹೊಡೆಯುತ್ತದೆ. ಹಾಗಾಗಿ ದಿನವೂ ದೀಪ ಹಚ್ಚುವ ಹೊತ್ತಿಗೆ ಊರಿನಿಂದ ತರಿಸಿದ ಆ ಊದುಬತ್ತಿಯೇ. ಶುಕ್ರವಾರ ಮಾತ್ರ ಬಾಲ್ಕನಿ ಬಾಗಿಲು ತೆರೆದು ಕೆಂಡ.