ಅಡೆನೊಸಿನ್ ಸೀಟಿಗೆ ಕಾಫಿಯ ಟವೆಲ್

ಸಂಜೆ ಆರಕ್ಕೆ ನೆಂಟರ ಮನೆಗೆ ಹೋದರೆ "ಅರ್ಧ ಲೋಟ ಕಾಫಿ ಕುಡೀರಿ, ಏನೂ ಆಗಲ್ಲ" ಅನ್ನುತ್ತಾರೆ. ಆಗುವುದು ರಾತ್ರಿ ಹನ್ನೊಂದಕ್ಕೆ. ಫ್ಯಾನು ನೋಡುತ್ತಾ ಮಲಗಿದವರು ಬೈಯುವುದು ಮಾತ್ರ ಸೊಳ್ಳೆಯನ್ನು.

ಮೆದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಕಡೆ ಸುಮಾರು 20 ನ್ಯಾನೊಮೀಟರಿನ ಸಂದು ಇರುತ್ತದೆ. ವಿದ್ಯುತ್ ಸಂಕೇತ ತುದಿ ತಲುಪಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಲ್ಲಿನ ಪುಟ್ಟ ಚೀಲಗಳು ಬಾಯಿಬಿಟ್ಟು ಗ್ಲುಟಮೇಟ್‌ನಂಥ ರಾಸಾಯನಿಕವನ್ನು ಸಂದಿಗೆ ಸುರಿಯುತ್ತವೆ, ಅದು ಆಚೆ ದಡದ ಗ್ರಾಹಕಗಳ, ಅಂದರೆ ಸುದ್ದಿ ಹಿಡಿಯುವ ಸೀಟುಗಳ, ಮೇಲೆ ಕೂರುತ್ತದೆ. ಇಷ್ಟಕ್ಕೂ ಹಿಡಿಯುವುದು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು.

ಈ ಗಡಿಬಿಡಿಗೆ ಬ್ರೇಕ್ ಹಾಕುವುದು ಅಡೆನೊಸಿನ್. ಜೀವಕೋಶಗಳು ಎಟಿಪಿ ಎಂಬ ಇಂಧನ ಖರ್ಚು ಮಾಡಿದಂತೆಲ್ಲ ಉಳಿಯುವ ಚಿಲ್ಲರೆ ಅದು. ಎಚ್ಚರವಿದ್ದಷ್ಟು ಹೊತ್ತೂ ಜಮೆಯಾಗುತ್ತದೆ. ಎ1 ಎಂಬ ತನ್ನ ಗ್ರಾಹಕದಲ್ಲಿ ಕೂತಿತೆಂದರೆ ಕ್ಯಾಲ್ಸಿಯಂ ಬಾಗಿಲು ಓರೆಯಾಗಿ, ಚೀಲಗಳ ಸುರಿತ ತಗ್ಗಿ, ಆಕಳಿಕೆ ಶುರು.

ಕಾಫಿಯಲ್ಲಿರುವ ಕೆಫೀನ್ ಆಕಾರದಲ್ಲಿ ಅದರ ದಾಯಾದಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದಂತೆ ಅದೇ ಗ್ರಾಹಕವನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಮಾತ್ರ ಒತ್ತುವುದಿಲ್ಲ. ಅಡೆನೊಸಿನ್ ಇಳಿದು ಹೋಗಿಲ್ಲ, ಕಂಬಿ ಹಿಡಿದು ನಿಂತಿದೆ. ಸುಸ್ತು ಇದ್ದಲ್ಲೇ ಇದೆ. ಸುದ್ದಿ ಮುಟ್ಟಿಲ್ಲ, ಅಷ್ಟೆ. ಟವೆಲ್ ಎದ್ದ ಹಾಗೇ ನಿಂತವರೆಲ್ಲ ಧೊಪ್ಪೆಂದು ಕೂರುತ್ತಾರೆ.

ಆ ಟವೆಲ್ಲೋ, ಬೇಗ ಏಳುವಂಥದ್ದಲ್ಲ. ಮೈಯಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಆರಕ್ಕೆ 80 ಮಿಲಿಗ್ರಾಂ ಹೋದರೆ ಹನ್ನೊಂದಕ್ಕೆ 40 ಇನ್ನೂ ಓಡಾಡುತ್ತಿರುತ್ತದೆ. ಬಸುರಿಯರಲ್ಲಿ ಇನ್ನೂ ನಿಧಾನ. ಪುಡಿಗೆ ಚಿಕೋರಿ ಜಾಸ್ತಿಯಾಯಿತೆಂದು ಮೂಗು ಮುರಿಯುವವರಿಗೊಂದು ಮಾತು: ಚಿಕೋರಿಯಲ್ಲಿ ಕೆಫೀನ್ ಇಲ್ಲ. ನೆಂಟರ ಜಿಪುಣತನದಲ್ಲೇ ನಿಮ್ಮ ನಿದ್ದೆ ಇದೆ.

ಇನ್ನು ಏಕಾದಶಿ ತಲೆನೋವು. ದಿನಾ ಮೂರು ಲೋಟಕ್ಕೆ ಒಗ್ಗಿದ ಮೆದುಳಿಗೆ ಒಮ್ಮೆಲೇ ಕಾಫಿ ತಪ್ಪಿದರೆ, ತಡೆಯೇ ಇಲ್ಲದ ಅಡೆನೊಸಿನ್ ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. 12ರಿಂದ 24 ಗಂಟೆಯೊಳಗೆ ಹಣೆ ಸಿಡಿಯತೊಡಗುತ್ತದೆ. ಮನೆಯವರು "ಹೊಟ್ಟೆ ಖಾಲಿ, ಪಿತ್ತ ಏರಿದೆ" ಎಂದು ತೀರ್ಪು ಕೊಟ್ಟು ಅವಲಕ್ಕಿ ಬಡಿಸುತ್ತಾರೆ. ಎರಡು ತಟ್ಟೆ ಖಾಲಿಯಾದರೂ ನೋವು ಜಗ್ಗುವುದಿಲ್ಲ. ಪಂಚಾಂಗದಲ್ಲಿ ತಿಥಿ ಮೊದಲೇ ಅಚ್ಚಾಗಿರುತ್ತದೆ. ವಾರದ ಮುಂಚಿನಿಂದ ದಿನಕ್ಕೆ ಅರ್ಧರ್ಧ ಲೋಟ ಇಳಿಸುತ್ತಾ ಬಂದರೆ ಇಷ್ಟು ಫಜೀತಿ ಇರದು. ಯಾರೂ ಇಳಿಸುವುದಿಲ್ಲ. ದ್ವಾದಶಿ ಬೆಳಿಗ್ಗೆ ಡಿಕಾಕ್ಷನ್ ಒಳಗಿಳಿದು ಗಂಟೆಯೊಳಗೆ ತಲೆ ಹಗುರ. ಹೆಸರು ಮಾತ್ರ ಪಾರಣೆಗೆ.