ಹಾಜರಿ ಹಾಳೆಯ ಸಹಿ

ನಿನ್ನೆಯಿಂದ ತಲೆ ಕೆಟ್ಟಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿಲ್ಲದವರು ಮುಂದೆ ಹೋಗಿ.

ಹೆಂಡತಿಯ ಊರಿಗೆ ಹೋಗಿದ್ದೆ. ಆನೆಗೊಂದಿ ಸೀಮೆ, ಹಂಪಿಯ ಎದುರು ದಂಡೆ, ನಿಮಗೆ ಗೊತ್ತೇ ಇದೆ. ಅಲ್ಲಿ 'ಸಾರ್ವಜನಿಕರ ಅಭಿಪ್ರಾಯ ಸಂಗ್ರಹ ಸಭೆ' ಅಂತೆ. ಯಾತ್ರಿಕರಿಗೆ ವಸತಿ, ಅಗಲ ರಸ್ತೆ, ಗಾಡಿ ನಿಲ್ಲಿಸುವ ಜಾಗ, ಏನೇನೋ ದೊಡ್ಡ ಯೋಜನೆ. ಭತ್ತದ ನಾಟಿ ಕಾಲ, ಅರ್ಧ ಊರು ಗದ್ದೆಯಲ್ಲಿತ್ತು. ಹತ್ತೂವರೆಗೆ ಅಂದ ಸಾಹೇಬರು ಬಂದಿದ್ದು ಹನ್ನೆರಡಕ್ಕೆ. ಅಷ್ಟರಲ್ಲಿ ಹಾಜರಿ ಹಾಳೆ ಮಾತ್ರ ಎರಡು ಸುತ್ತು ಬಂದಿತ್ತು.

ಗೋಡೆಗೆ ಬಣ್ಣಬಣ್ಣದ ನಕ್ಷೆ ಅಂಟಿಸಿದ್ದರು. ಪೂರ್ತಿ ಇಂಗ್ಲಿಷ್. ನನ್ನ ಪಕ್ಕ ನಿಂತಿದ್ದ ಅಜ್ಜಿ ಕೇಳಿದಳು, "ತಮ್ಮಾ, ನಮ್ಮ ಕಣ ಎಲ್ಲೈತಿ ನೋಡು ಇದ್ರಾಗ." ಹುಡುಕಿದೆ. ಗುಡಿ ಸಿಕ್ಕಿತು, ಕಾಲುವೆ ಸಿಕ್ಕಿತು. ಕಾಲುವೆ ಪಕ್ಕ ಕಣ ಇರಬೇಕಾದ ಕಡೆ ಬೂದು ಬಣ್ಣದ ಚೌಕ, ಒಳಗೆ ಪಾರ್ಕಿಂಗ್ ಅಂತ ಬರೆದಿತ್ತು. "ಇಲ್ಲೇ ಎಲ್ಲೋ ಐತಿ ಬಿಡಜ್ಜಿ" ಅಂದೆ. ಹೇಡಿ ನಾನು.

ಒಬ್ಬ ಹುಡುಗ ಎದ್ದು ನಿಂತು ನಕ್ಷೆ ಕನ್ನಡದಲ್ಲಿ ಯಾಕಿಲ್ಲ ಅಂದ. "ಪ್ರಶ್ನೆಗಳನ್ನು ಕೊನೆಗೆ ತಗೊಳ್ತೀವಿ" ಅಂದರು. ಕೊನೆಗೆ ಬಂದಿದ್ದು ಒಗ್ಗರಣಿ-ಮಿರ್ಚಿ.

ರಾತ್ರಿ ಕೂತು ನಿಯಮ ಓದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ಪ್ರಕಟಿಸಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಖುಷಿಯಾಯಿತು. ಆಮೇಲೆ ಎರಡು ಸಾಲು ಸಿಕ್ಕವು. ವಿಚಾರಣೆ ಶುರು ಮಾಡಲು ಇಷ್ಟೇ ಜನ ಇರಬೇಕು ಅಂತ ಏನೂ ಇಲ್ಲ. ಕಟ್ಟಡ, ಟೌನ್‌ಶಿಪ್ ಯೋಜನೆಗಳಿಗಂತೂ ಈ ವಿಚಾರಣೆಯೇ ಬೇಡ! ಅಂದರೆ ನಿನ್ನೆ ನಮ್ಮನ್ನು ಕರೆದದ್ದು ಬರೀ ದೊಡ್ಡ ಮನಸ್ಸಿನಿಂದ ಅಂತ ತಿಳಿಯಬೇಕು. ನಮ್ಮ ಮಾವ ಹಿತ್ತಲಲ್ಲಿ ಒಂದು ಬಚ್ಚಲು ಕಟ್ಟಲು ಅನುಮತಿಗೆ ಚಪ್ಪಲಿ ಸವೆಸಿದವರು. ಪರಂಪರೆಯ ಊರು ನೋಡಿ, ಬಚ್ಚಲಿಗೆ ಬಹಳ ಬಿಗಿ.

ಗೆಳೆಯನೊಬ್ಬ ಫೋನಿನಲ್ಲಿ, "ಎಲ್ಲರನ್ನೂ ಕೇಳ್ತಾ ಕೂತ್ರೆ ಕೆಲಸ ಆಗುತ್ತೇನೋ?" ಅಂದ. ಹನುಮ ಹುಟ್ಟಿದ ಬೆಟ್ಟ ಅನ್ನುವ ಅಂಜನಾದ್ರಿಯ 575 ಮೆಟ್ಟಿಲು ಹತ್ತಲು ಬರುವವರ ಗಾಡಿಗೆ ಜಾಗ ಬೇಕು, ಒಪ್ಪಿದೆ. ಆದರೆ ಕೇಳದೇ ಮಾಡಿದ ಕೆಲಸ ಏನಾಯಿತು ಅಂತ ತುಂಗಭದ್ರಾ ಹೊಳೆ ದಂಡೆಗೆ ಹೋದರೆ ಗೊತ್ತಾಗುತ್ತದೆ. ಆನೆಗೊಂದಿ-ತಳವಾರಘಟ್ಟ ಸೇತುವೆ! ಇಂಥ ಸೇತುವೆ ಕೆಲಸ ನೋಡಿ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು, ಸೇತುವೆ ಕೆಲಸ ನಿಂತಿತು. 2006ರಲ್ಲಿ ಪಟ್ಟಿಯಿಂದ ತೆಗೆದರು. ಸೇತುವೆ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಸತ್ತರು. ಕಟ್ಟಿ ಅಂದವರು ಬೆಂಗಳೂರಿನವರು, ನಿಲ್ಲಿಸಿ ಅಂದವರು ಪ್ಯಾರಿಸ್‌ನವರು. ಹರಗೋಲಿನಲ್ಲಿ ಕೂತು ದಿನಾ ದಾಟುತ್ತಿದ್ದವರ ಮಾತು ಯಾವ ಫೈಲಿನಲ್ಲಿದೆ ಹೇಳಿ?

ಇಷ್ಟೆಲ್ಲ ಕೂಗಾಡುವ ನಾನು ನಮ್ಮೂರ ಗ್ರಾಮಸಭೆಗೆ ಹೋಗಿ ಎಷ್ಟು ವರ್ಷ ಆಯಿತೋ ನೆನಪಿಲ್ಲ. ಅದೂ ಇರಲಿ. ನಿನ್ನೆ ಹಾಜರಿ ಹಾಳೆ ಬಂದಾಗ ಮೊದಲು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಹಾಳೆಯ ಮೇಲ್ಭಾಗ ಖಾಲಿ ಇತ್ತು. ಯಾವ ಸಭೆ, ಯಾತಕ್ಕೆ ಸಹಿ, ಒಂದಕ್ಷರ ಇರಲಿಲ್ಲ. ಅಲ್ಲಿ ಈಗ ಏನು ಬರೆದುಕೊಂಡಿದ್ದಾರೋ. ಸೋಮವಾರ ಹೋಗಿ ಅದರ ಜೆರಾಕ್ಸ್ ಕೇಳುತ್ತೇನೆ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತೇನೆ.

ಹೊರಡುವಾಗ ಅಜ್ಜಿ ಮಿರ್ಚಿ ಮುರಿಯುತ್ತಾ ಕೂತಿದ್ದಳು. ಹೆಬ್ಬೆರಳಿನ ನೀಲಿ ಮಸಿ ಇನ್ನೂ ಹೋಗಿರಲಿಲ್ಲ. "ನೀನೂ ಒತ್ತಿದ್ಯಾ?" ಅಂದೆ.

"ಹೂಂ ಮತ್ತ. ಓದಿದಾಂವ ನೀನೇ ಹಾಕಿದ್ದಿ ಅಂತ ನಾನೂ ಒತ್ತಿದೆ."