ಮಗುವಿನ ಬಾಯಿಗೆ ಮೈಕ್ ಹಿಡಿಯೋ ಮುಂಚೆ

ಗುಡ್ಡ ಕುಸಿಯಲಿ, ನೆರೆ ಬರಲಿ, ಟಿವಿಯಲ್ಲಿ ಒಂದು ದೃಶ್ಯ ಇದ್ದೇ ಇರುತ್ತದೆ. ಯಾರದ್ದೋ ಹಳೇ ಸ್ವೆಟರ್ ಹಾಕಿಕೊಂಡ ಮಗು, ಅದರ ಮುಂದೆ ಮೈಕು. "ಏನಾಯ್ತು ಪುಟ್ಟ? ಮನೆ ಬೀಳೋದನ್ನ ನೀನೇ ನೋಡಿದ್ಯಾ?" ಮಗು ಅತ್ತರೆ ಸುದ್ದಿ.

ಕ್ಯಾಮೆರಾದವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬಿಸ್ಕತ್ತು, ಕಂಬಳಿ ಹಂಚಲು ಬಂದವರೂ ಇದನ್ನೇ ಕೇಳುತ್ತಾರೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತೆ ಅನ್ನುವ ನಂಬಿಕೆ. ಮಗು ತಾನಾಗಿ ಹೇಳಿದರೆ ಕೂತು ಕೇಳಬೇಕು, ನಿಜ. ಆದರೆ ಕೆದಕಿ ಕೆದಕಿ ಹೇಳಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸ್ವಯಂಸೇವಕರಿಗೆ ಮಾಡಿದ ಕೈಪಿಡಿಯಲ್ಲಿ ಇದನ್ನು ಹೇಳಿದೆ. "ಅದನ್ನೆಲ್ಲ ಮರೆತುಬಿಡು, ಅಳಬೇಡ, ನೀನು ಗಟ್ಟಿಗ ಅಲ್ವಾ" ಅನ್ನೋದೂ ಅಷ್ಟೇ ತಪ್ಪು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬರೆ ಕುಸಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾನಿದ್ದೆ. ಅಂಗಳದಲ್ಲಿ ನಾಲ್ಕೈದು ಮಕ್ಕಳು ಮಣ್ಣು ಗುಡ್ಡೆ ಹಾಕಿ, ಕೆಳಗೆ ಬೆಂಕಿಪೊಟ್ಟಣಗಳ ಮನೆ ಇಟ್ಟು, ಮೇಲಿಂದ ಚೊಂಬಲ್ಲಿ ನೀರು ಸುರಿಯುತ್ತಿದ್ದರು. ಗುಡ್ಡೆ ಜಾರುತ್ತಿತ್ತು. ಮತ್ತೆ ಕಟ್ಟುತ್ತಿದ್ದರು. ಒಬ್ಬ ಅಜ್ಜಿ "ಅನಿಷ್ಟದ ಆಟ, ಎದ್ದೇಳಿ!" ಅಂತ ಓಡಿಸಿದರು. ಅಜ್ಜಿಗೂ ಸಂಕಟ, ಪಾಪ. ಆದರೆ ಮಾತಲ್ಲಿ ಹೇಳಲಾಗದ್ದನ್ನು ಮಕ್ಕಳು ಆಟದಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ಸುಮ್ನೆ ಕೂತರೆ ಸಾಕು. ಆಟ ಎಷ್ಟು ದಿನವಾದರೂ ಬದಲಾಗದೆ, ಆಡಿದಷ್ಟೂ ಮಗು ಬೆದರುತ್ತಾ ಹೋದರೆ ಆಗ ಯೋಚಿಸಬೇಕು.

ಚಿಕ್ಕವರು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯಬಹುದು, ಅಮ್ಮನ ಸೆರಗು ಬಿಡದಿರಬಹುದು. ಸುಮ್ಮಸುಮ್ಮನೆ ಹೊಟ್ಟೆನೋವು ಅನ್ನಬಹುದು. ಇದಕ್ಕೆ ಗದರಬೇಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ. ಊಟ, ಸ್ನಾನ, ನಿದ್ದೆ ದಿನಾ ಒಂದೇ ಹೊತ್ತಿಗೆ ಆಗಬೇಕು, ಶಾಲೆ ಬೇಗ ಶುರುವಾಗಬೇಕು. ಕಂಬಳಿ ಕೊಟ್ಟಷ್ಟೇ ತುರ್ತಾಗಿ ಸ್ಲೇಟು, ಪುಸ್ತಕ, ಒಬ್ಬ ಮೇಷ್ಟ್ರನ್ನೂ ಒದಗಿಸಿ ಅಂತ ನನ್ನ ವಾದ.

ಯಾರ ಕಣ್ಣಿಗೂ ಬೀಳದವರು ಹೈಸ್ಕೂಲ್, ಪಿಯುಸಿ ಮಕ್ಕಳು. ಅದೇ ಕೇಂದ್ರದಲ್ಲಿ ಹತ್ತನೇ ಕ್ಲಾಸಿನ ಹುಡುಗ ಒಬ್ಬನಿದ್ದ. ಮನೆಯಲ್ಲಿ ಓದುಬರಹ ಬಲ್ಲವನು ಅವನೊಬ್ಬನೇ. ಆಧಾರ್, ರೇಷನ್ ಕಾರ್ಡ್, ಆರ್‌ಟಿಸಿ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಅವನ ಕೈಯಲ್ಲೇ. ಕ್ಯೂ ನಿಲ್ಲೋದು, ಅರ್ಜಿ ತುಂಬೋದು ಎಲ್ಲ ಅವನದೇ. ಎಲ್ಲರೂ "ಜವಾಬ್ದಾರಿ ಹುಡುಗ" ಅಂತ ಹೊಗಳುತ್ತಿದ್ದರು. ರಾತ್ರಿ ಅವನು ಮಲಗುತ್ತಿರಲಿಲ್ಲ, ಮಳೆ ಸದ್ದಿಗೆ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದ. ಈ ವಯಸ್ಸಿನವರಿಗೆ ಕೆಲಸ ಕೊಡಿ, ಅದು ಅವರಿಗೂ ಒಳ್ಳೆಯದು. ಇಡೀ ಮನೆಯನ್ನೇ ಹೊರಿಸಬೇಡಿ. ಸಂಜೆ ಚೆಂಡು ಒದೆಯಲೂ ಬಿಡಿ. ಎದುರೆದುರು ಕೂರಿಸಿಕೊಂಡು ವಿಚಾರಿಸಿದರೆ ಬಾಯಿ ಬಿಡುವುದಿಲ್ಲ. ಜೊತೆಗೆ ಪಾತ್ರೆ ಎತ್ತುವಾಗಲೋ, ನಡೆಯುವಾಗಲೋ ತಾವೇ ಮಾತು ಶುರುಮಾಡುತ್ತಾರೆ.

ಇನ್ನು ಟಿವಿ. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದಾಗ ಅದೇ ದೃಶ್ಯ ಮತ್ತೆ ಮತ್ತೆ ಓಡಿತು. ಪುಟ್ಟ ಮಕ್ಕಳಿಗೆ ಅದು ಹಳೇ ವಿಡಿಯೋ ಅಂತ ಗೊತ್ತಾಗುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕುಸಿದಂತೆಯೇ. ಆಫ್ ಮಾಡಿ.

ತಿಂಗಳು ದಾಟಿದರೂ ಮಗು ನಿದ್ದೆ ಮಾಡದಿದ್ದರೆ, ಶಾಲೆಗೆ ಹೋಗಲ್ಲ ಅಂದರೆ, ಗೆಳೆಯರನ್ನು ಬಿಟ್ಟು ಒಂಟಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಮಾತ್ರ ತಿಂಗಳು ಕಾಯಬೇಡಿ, ಆ ದಿನವೇ ಮಾಡಿ.

ಮಲೆನಾಡು, ಕೊಡಗಿನ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಮಳೆ ರಜೆ ಮುಗಿದು ಮಕ್ಕಳು ಬಂದ ದಿನ ನೇರ ಪಾಠಕ್ಕೆ ಹೋಗಬೇಡಿ. "ನಿಮ್ಮ ಕಡೆ ಮಳೆ ಹೇಗಿತ್ತು?" ಅಂತ ಕೇಳಿ. ಯಾರು ಕಿಟಕಿಯನ್ನೇ ನೋಡುತ್ತಾ ಕೂತಿದ್ದಾರೆ ಅಂತ ಗಮನಿಸಿ. ಹಾಜರಿ ಆಮೇಲೆ ಕರೆದರೂ ಆಗುತ್ತೆ.